‘ಬರ್ಲಿ, ಬರ್ಲಿ’ ಎನ್ನುವವನು ಎಲ್ಲಿ?

ಮಂಗಳೂರಿನ ಬಂದರು ಪ್ರದೇಶದ ಓಣಿಯಲ್ಲಿ ಲಾರಿಯೊಂದು ರಿವರ್ಸ್ ಹೊಡೆಯಲು ಶುರು ಮಾಡಿತೆಂದರೆ ಮುಗಿಯಿತು! ಹಿಂದೆ ಸ್ಕೂಟರು, ಮುಂದೆ ರಿಕ್ಷಾ, ನಡುವೆ ಮೂಟೆ ಹೊತ್ತವರು. ಸ್ಟೇಟ್ ಬ್ಯಾಂಕ್ ಸ್ಟಾಂಡಿಗೆ ಓಡುವವರಿಗೆ ಬಸ್ಸು ತಪ್ಪುವ ಚಿಂತೆ. ಎಲ್ಲರೂ ಬಯ್ಯುವುದು ಮಾತ್ರ ಒಬ್ಬನನ್ನೇ. "ಇವನಿಗೆ ಲೈಸೆನ್ಸ್ ಕೊಟ್ಟವರು ಯಾರಪ್ಪಾ?"

ಲೈಸೆನ್ಸ್ ಪರೀಕ್ಷೆಯಲ್ಲಿ ರಿವರ್ಸ್ ಇದ್ದೇ ಇದೆ. ಇಕ್ಕಟ್ಟಿನ ಜಾಗಕ್ಕೆ ಎಡಕ್ಕೋ ಬಲಕ್ಕೋ ಗಾಡಿಯನ್ನು ಹಿಡಿತ ತಪ್ಪದೆ ಹಿಂದಕ್ಕೆ ಹೊಡೆದು ತೋರಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಆದರೆ ಪರೀಕ್ಷೆಯ ಮೈದಾನ ಬೇರೆ, ಎತ್ತಿನ ಗಾಡಿ ಕಾಲದ ಓಣಿ ಬೇರೆ.

ನಮ್ಮ ದೇಶದಲ್ಲಿ ಡ್ರೈವರ್ ಕೂರುವುದು ಬಲಗಡೆ. ಬಲಕ್ಕೆ ರಿವರ್ಸ್ ಹೊಡೆಯುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದಿನ ಚಕ್ರ ನೋಡಿಕೊಳ್ಳಬಹುದು. ಎಡಕ್ಕೆ ಹೊಡೆಯಬೇಕಾದರೆ ಕನ್ನಡಿಯೊಂದೇ ಗತಿ. ಲಾರಿಯ ಬಾಲ ಎಡಕ್ಕೆ ಹೋದಂತೆ ಮೂತಿ ಬಲಕ್ಕೆ ಬೀಸುತ್ತದೆ. ಹಿಂದೆ ನೋಡುತ್ತಾ ಕೂತವನಿಗೆ ಮುಂದಿನ ಸ್ಕೂಟರು ತಾಗಿದ್ದೇ ಗೊತ್ತಾಗುವುದಿಲ್ಲ.

ಟ್ರೈಲರ್ ಕಥೆ ಇನ್ನೂ ಕಷ್ಟ. ಅದರ ಬಾಲ ಎಡಕ್ಕೆ ಹೋಗಬೇಕಾದರೆ ಮೊದಲು ಸ್ಟಿಯರಿಂಗ್ ಬಲಕ್ಕೆ ತಿರುಗಿಸಬೇಕು! ಬಾಲ ಬಾಗಿದ ಕೂಡಲೇ ಉಲ್ಟಾ ತಿರುಗಿಸಿ ಅದರ ಬೆನ್ನು ಹಿಡಿಯಬೇಕು. ಒಂದು ಕ್ಷಣ ತಡವಾದರೆ ಚೂರಿ ಮಡಚಿದ ಹಾಗೆ ಇಂಜಿನ್ನು, ಟ್ರೈಲರು ಒಂದಕ್ಕೊಂದು ಮಡಚಿಕೊಳ್ಳುತ್ತವೆ. ಹಳ್ಳಿಯ ಟ್ರ್ಯಾಕ್ಟರ್ ಟ್ರಾಲಿ ಗಿಡ್ಡ, ಹಾಗಾಗಿ ಥಟ್ಟನೆ ತಿರುಗಿಬಿಡುತ್ತದೆ. ಪಣಂಬೂರಿನ ಹೊಸ ಬಂದರಿಗೆ ಬರುವ 40 ಅಡಿ ಕಂಟೇನರಿನ ಟ್ರೈಲರ್ ನಿಧಾನವಾಗಿ ತಿರುಗುತ್ತದೆ, ಆದರೆ ಎಡಕ್ಕೆ ಬಾಗಿತೆಂದರೆ ಎಡಗನ್ನಡಿಯಲ್ಲಿ ಕಂಟೇನರಿನ ಗೋಡೆ ಬಿಟ್ಟು ಬೇರೇನೂ ಕಾಣದು. ಅನುಭವಸ್ಥ ಡ್ರೈವರುಗಳು ಇಂಥಲ್ಲಿ ಗಾಡಿ ನಿಲ್ಲಿಸಿ, ಇಳಿದು, ಒಮ್ಮೆ ಹಿಂದೆ ನೋಡಿಬಂದೇ ಮತ್ತೆ ಹತ್ತುತ್ತಾರೆ. ಅದು ಹೆದರಿಕೆ ಅಲ್ಲ, ಕಸುಬು.

ಹೀಗಾಗಿ ರಿವರ್ಸ್ ಎಂಬುದು ಯಾವತ್ತೂ ಇಬ್ಬರ ಕೆಲಸ. ಒಬ್ಬ ಸ್ಟಿಯರಿಂಗಿನಲ್ಲಿ, ಇನ್ನೊಬ್ಬ ಹಿಂದೆ. ತುಳುವಿನಲ್ಲಿ ‘ಬರಡ್ ಬರಡ್’, ಕನ್ನಡದಲ್ಲಿ ‘ಬರ್ಲಿ ಬರ್ಲಿ’, ಹಿಂದಿಯಲ್ಲಿ ‘ಆನೇ ದೋ’. ಲಾರಿಯ ಬಾಡಿಗೆ ಒಂದು ಗುದ್ದು ಬಿದ್ದರೆ ಎಲ್ಲ ಭಾಷೆಯಲ್ಲೂ ಅರ್ಥ ಒಂದೇ: ನಿಲ್ಲಿಸು!

ಆ ಎರಡನೆಯವನೇ ಈಗ ಕಾಣೆಯಾಗುತ್ತಿದ್ದಾನೆ. ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಡ್ರೈವರ್ ಇರಲೇಬೇಕೆಂಬ ನಿಯಮವನ್ನು 2018ರಲ್ಲಿ ಕೈಬಿಡಲಾಯಿತು. ಕ್ಲೀನರ್ ಕೆಲಸಕ್ಕೆ ಹುಡುಗರು ಸಿಗುವುದಿಲ್ಲ ಎನ್ನುತ್ತಾರೆ ಮಾಲೀಕರು. ಸಿಗುವ ಸಂಬಳಕ್ಕೆ ಯಾರು ಬರುತ್ತಾರೆ ಎಂದು ಮಾತ್ರ ಅವರನ್ನು ಕೇಳುವವರಿಲ್ಲ.

ಸೆನ್ಸರ್ ಬಂದಿದೆಯಲ್ಲ, ಇನ್ನು ಕ್ಲೀನರ್ ಯಾಕೆ ಎನ್ನುವವರೂ ಇದ್ದಾರೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯವಾಗಿದೆ, ನಿಜ. ಆದರೆ ಬಂಪರಿನ ಮಟ್ಟದಲ್ಲಿ ಕೂತ ಸೆನ್ಸರಿಗೆ ಗೋದಾಮಿನ ಹಂಚಿನ ಸೂರು ಕಂಡೀತೇ? ಜೋತುಬಿದ್ದ ಕರೆಂಟಿನ ತಂತಿ ಕಂಡೀತೇ? ಹಂಚು ಒಡೆದರೆ ಬಹಳ ಸಲ ದುಡ್ಡು ಮುರಿದುಕೊಳ್ಳುವುದು ಡ್ರೈವರನ ಬಾಟಾದಿಂದಲೇ. ಹಂಚಾದರೆ ಹೊಸದು ಹೊದಿಸಬಹುದು. ಚಕ್ರದಡಿ ಸಿಕ್ಕವನ ಕಾಲಿಗೆ ಯಾವ ಬಾಟಾ ಸಾಕಾದೀತು?

ಮಾಲು ಬಾಗಿಲಿಗೇ ಬರಬೇಕು ಎನ್ನುವವರು ಅಂಗಡಿಯವರು. ಹಾಗಾದರೆ ಬಾಗಿಲಲ್ಲಿ ನಿಂತು ದಾರಿ ತೋರುವವನೂ ಅವರ ಕಡೆಯಿಂದಲೇ ಬರುವುದು ನ್ಯಾಯ. ಖರ್ಚೇನೂ ಇಲ್ಲ. ಲಾರಿ ಬರುವ ಮುಂಚೆ ಅಂಗಡಿ ಮುಂದಿನ ಸ್ಕೂಟರು ತೆಗೆಸುವುದು. ಸನ್ನೆ ಮಾಡಲು ಒಬ್ಬನನ್ನು ಮಾತ್ರ ನಿಲ್ಲಿಸುವುದು, ಯಾಕೆಂದರೆ ನಾಲ್ಕು ಮಂದಿ ನಾಲ್ಕು ಕಡೆಯಿಂದ ಕೂಗಿದರೆ ಡ್ರೈವರ್ ಯಾರ ಮಾತು ಕೇಳಬೇಕು? ಹಾಗೆ ನಿಂತವನು ಡ್ರೈವರನಿಗೆ ಕನ್ನಡಿಯಲ್ಲಿ ಕಾಣುವಂತೆಯೇ ಇರಬೇಕು. ಅವನು ಕಾಣದಿದ್ದರೆ ಬ್ರೇಕು, ಅಷ್ಟೇ. ಬಸ್ಸಿನ ಜನ ಇಳಿಯುವ ಹೊತ್ತಿಗೆ ಮೊದಲೇ ಮಾಲು ಇಳಿಸಿಕೊಂಡರೆ ಅರ್ಧ ತಾಪತ್ರಯ ಅಲ್ಲಿಗೇ ಮುಗಿಯಿತು. ಆ ಹೊತ್ತನ್ನು ಗೊತ್ತು ಮಾಡಿ, ಪಾಲಿಸುವಂತೆ ನೋಡಿಕೊಳ್ಳುವ ಕೆಲಸ ಪಾಲಿಕೆ ಮತ್ತು ಸಂಚಾರ ಪೊಲೀಸರದು.

ಉಳಿದ ಜನರೂ ಸುಮ್ಮನಿರುವಂತಿಲ್ಲ. ರಿವರ್ಸ್ ದೀಪ ಹತ್ತಿದ ಲಾರಿಯ ಹಿಂದೆ ‘ಒಂದೇ ಸೆಕೆಂಡು’ ಎಂದು ನುಸುಳುವವರು, ಆ ಸೆಕೆಂಡಿನಲ್ಲಿ ತಾವು ಡ್ರೈವರನ ಯಾವ ಕನ್ನಡಿಯಲ್ಲೂ ಇಲ್ಲ ಎಂಬುದನ್ನು ತಿಳಿದಿರಲಿ. ಎರಡು ನಿಮಿಷ ನಿಂತರೆ ತಪ್ಪುವುದು ಒಂದು ಬಸ್ಸು ಮಾತ್ರ. ಹಿಂದೆ ಇನ್ನೊಂದು ಬಂದೇ ಬರುತ್ತದೆ.