ಹುರುಪಲ್ಲ, ನೆರಳು ಬೇಕು

2025ರ ಏಪ್ರಿಲ್‌ನ ಒಂದು ಮಧ್ಯಾಹ್ನ ಹುಲಗೂರಿನಲ್ಲಿ ತಂಗಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಕರೆಂಟು ಹೋಗಿತ್ತು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿರುವ ತಂಗಿಯ ಮಗ, ಒಂದು ತಿಂಗಳು ಊರಿನಿಂದಲೇ ಕೆಲಸ ಮಾಡಲು ಅನುಮತಿ ಪಡೆದು ಬಂದಿದ್ದ. ತೊಡೆಯ ಮೇಲೆ ಲ್ಯಾಪ್‌ಟಾಪ್, ಹೆಗಲ ಮೇಲೆ ಒದ್ದೆ ಟವೆಲ್ಲು. ‘ಮಾವಾ, ಇಲ್ನೋಡ್ರಿ’ ಎಂದು ಕಂಪನಿಯಿಂದ ಬಂದ ಮೇಲ್ ಒಂದನ್ನು ತೋರಿಸಿದ. ಬೇಸಿಗೆಯಲ್ಲೂ ಕೆಲಸದ ಹುರುಪು ಕಳೆದುಕೊಳ್ಳದಿರಲು ಏಳು ಸೂತ್ರಗಳು. ಬೇಗ ಏಳಿ, ನೀರು ಕುಡಿಯಿರಿ, ಗುರಿ ಬರೆದಿಡಿ, ಒಳ್ಳೆಯದನ್ನೇ ಯೋಚಿಸಿ. ಮೇಲೊಂದು ಸಮುದ್ರ ದಂಡೆಯ ಚಿತ್ರ.

ಅಷ್ಟರಲ್ಲಿ ತಂಗಿ ಉದ್ಯೋಗ ಖಾತ್ರಿ ಕೆಲಸದಿಂದ ಬಂದಳು. ಬುಟ್ಟಿ, ಸಲಿಕೆ ಮೂಲೆಗಿಟ್ಟು, ಚರಿಗೆ ನೀರು ಒಂದೇ ಉಸುರಿಗೆ ಕುಡಿದಳು. ಮಗ ಆ ಸೂತ್ರಗಳನ್ನು ಕನ್ನಡದಲ್ಲಿ ಓದಿ ಹೇಳಿದ. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ‘ಹುರುಪು ತಗೊಂಡು ಏನ್ ಮಾಡೂದೈತಿ ಅಣ್ಣಾ, ಒಂದೀಟು ನೆರಳಿದ್ರ ಸಾಕಾಗಿತ್ತು’ ಅಂದಳು.

ಬೇಸಿಗೆ ಬಂದರೆ ಪತ್ರಿಕೆಗಳ ಉದ್ಯೋಗ ಪುರವಣಿಯಿಂದ ಹಿಡಿದು ಮೊಬೈಲಿನ ಭಾಷಣಕಾರರ ತನಕ ಎಲ್ಲರೂ ಹುರುಪಿನ ಮಾತೇ ಆಡುತ್ತಾರೆ. ಸೆಕೆಯನ್ನು ಮನಸ್ಸಿನ ಕಾಯಿಲೆ ಮಾಡಿಬಿಟ್ಟಿದ್ದಾರೆ. ಮೈ ತಂಪಾಗುವುದು ಬೆವರು ಆರಿದಾಗ. ಗಾಳಿಯಿಲ್ಲದೆ ಬೆವರು ಆರದಿದ್ದರೆ ಮೈ ಕಾಯುತ್ತದೆ. ರಕ್ತವನ್ನು ಚರ್ಮದ ಕಡೆಗೆ ತಳ್ಳಲು ಗುಂಡಿಗೆ ಹೆಚ್ಚು ಬಡಿದುಕೊಳ್ಳುತ್ತದೆ, ಕೈಕಾಲು ಸೋಲುತ್ತವೆ, ತಲೆ ಓಡುವುದಿಲ್ಲ. ಕೈಕಾಲು ಸೋಲುವುದು ಮೈ ಕೊಡುವ ಎಚ್ಚರಿಕೆ. ಅದನ್ನು ಸೋಮಾರಿತನ ಎಂದು ಕರೆದವನಿಗೆ ನೆರಳು, ನೀರು, ಬಿಡುವು ಕೊಡುವ ಖರ್ಚು ಉಳಿಯುತ್ತದೆ. ತಪ್ಪು ದುಡಿಯುವವನ ಮೇಲೆ ಬರುತ್ತದೆ.

ಸರಕಾರಕ್ಕೆ ಇದು ಗೊತ್ತಿಲ್ಲದ್ದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ನಮ್ಮ ಬೆಳಗಾವಿ ವಿಭಾಗದ ವಿಜಯಪುರ, ಬಾಗಲಕೋಟೆಗಳಲ್ಲೂ ಸರಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತ ಬಂದಿವೆ. ಅಲ್ಲಿನ ಗುಮಾಸ್ತನಿಗೆ ಯಾರೂ ಏಳು ಸೂತ್ರ ಕಳಿಸಲಿಲ್ಲ, ಗಡಿಯಾರ ಬದಲಿಸಿದರು. ಅದು ಸರಿಯಾದದ್ದೇ. ಆದರೆ ಫ್ಯಾನಿನ ಕೆಳಗೆ ಕೂತವನಿಗೆ ಬದಲಾಗುವ ಗಡಿಯಾರ ಗಾರೆ ಕೆಲಸದವನಿಗೆ, ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಹುಡುಗನಿಗೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸಿಗೆ ಯಾಕೆ ಬದಲಾಗುವುದಿಲ್ಲ?

ಖಾತ್ರಿ ಕೆಲಸದಲ್ಲಿ ರಿಯಾಯಿತಿ ಇತ್ತು, ಮರೆತಿಲ್ಲ. ಹಾವೇರಿಯೂ ಸೇರಿದ ಬೆಳಗಾವಿ ವಿಭಾಗ ಮತ್ತು ಕಲಬುರಗಿ ವಿಭಾಗದಲ್ಲಿ ಬಿರುಬೇಸಿಗೆಗೆ ಶೇ 30ರಷ್ಟು ಕಡಿಮೆ ಮಣ್ಣು ಕಡಿದರೂ ಪೂರ್ತಿ ಕೂಲಿ ಎಂಬ ಆದೇಶ ಬರುತ್ತಿತ್ತು. 2025-26ರಲ್ಲಿ ಆ ಪೂರ್ತಿ ಕೂಲಿ ದಿನಕ್ಕೆ 370 ರೂಪಾಯಿ. ಆದರೆ 2023ರ ಜನವರಿಯಿಂದ ಹಾಜರಿ ಮೊಬೈಲಿನ ಪಾಲಾಯಿತು. ‘ಕಾಯಕ ಬಂಧು’ ಎಂದು ಹೆಸರಿಟ್ಟ ಮೇಟಿ ಬೆಳಿಗ್ಗೆ ಒಂದು ಫೋಟೊ ತೆಗೆಯಬೇಕಿತ್ತು, ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು. ತಂಪು ಹೊತ್ತಿನಲ್ಲೇ ಬೇಗ ಕೈಬೀಸಿ ಮುಗಿಸಿದವರೂ ಎರಡನೇ ಫೋಟೊ ಆಗುವ ತನಕ ಬದುವಿನ ಮೇಲೆ ಕಾಯಬೇಕಿತ್ತು. ಒಂದು ಕೈಯಲ್ಲಿ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕೈ ಕಸಿದುಕೊಂಡ ಹಾಗಾಯಿತು.

ಅಳಿಯನದೂ ಇದೇ ಕತೆ. ಕೆಲಸದಲ್ಲಿ ಇದ್ದಾನೆ ಎಂದು ತೋರಿಸಲು ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಉರಿಯುತ್ತಿರಬೇಕು. ಕೆಲಸ ಬೆಳಿಗ್ಗೆಯೇ ಮುಗಿದರೂ ಮಧ್ಯಾಹ್ನವೆಲ್ಲ ಬೆರಳಿನಿಂದ ಚುಕ್ಕೆಯನ್ನು ಎಬ್ಬಿಸುತ್ತ ಕೂತಿರುತ್ತಾನೆ. ಮೇಲಾಗಿ ಇದು ಅಪ್ರೈಸಲ್‌ನ ಕಾಲ. ಮಾರ್ಚ್‌ಗೆ ಲೆಕ್ಕ ಮುಗಿದು, ಯಾರಿಗೆ ಬಡ್ತಿ ಯಾರಿಗೆ ಇಲ್ಲ ಎಂದು ತೀರ್ಮಾನವಾಗುವುದು ಸರಿಯಾಗಿ ಬೇಸಿಗೆಯಲ್ಲೇ. ‘ಈಗ ಸುಸ್ತು ಅಂತ ಹೇಳಿದ್ರ ವರ್ಷದ ದುಡಿಮೆ ನೀರಾಗ ಹೋಗತೈತ್ರಿ’ ಎಂಬ ಅವನ ಅಂಜಿಕೆ ಸುಳ್ಳಲ್ಲ. ತಾಯಿಗೆ ಫೋಟೊ, ಮಗನಿಗೆ ಚುಕ್ಕೆ. ಇಬ್ಬರ ಕೆಲಸವನ್ನೂ ಅಳೆಯುವವರು ಇಲ್ಲ, ಇರುವಿಕೆಯನ್ನು ಅಳೆಯುವವರಿದ್ದಾರೆ.

‘ನಿಮ್ಮ ಅಜ್ಜ ಇದೇ ಬಿಸಿಲಲ್ಲಿ ದುಡಿಯಲಿಲ್ಲವೇ?’ ಎಂದು ಕೇಳುವವರಿದ್ದಾರೆ. ದುಡಿದ. ಹೊತ್ತು ಮೂಡುವ ಮೊದಲೇ ಎತ್ತು ಹೊಡೆದುಕೊಂಡು ಹೋಗಿ, ಹನ್ನೊಂದಕ್ಕೆಲ್ಲ ಕೊಳ್ಳು ಹರಿದು, ಬೇವಿನ ಗಿಡದ ಬುಡಕ್ಕೆ ಬರುತ್ತಿದ್ದ. ಅಲ್ಲಿ ಹಗ್ಗ ಹೊಸೆಯುವುದು, ಮಿಣಿ ತಿದ್ದುವುದು, ಒಂದು ನಿದ್ದೆ. ಬಿಸಿಲು ಇಳಿದ ಮೇಲೆ ಹೊಲಕ್ಕೆ ಗೊಬ್ಬರ ಹೇರುವುದು. ಯುಗಾದಿಯಿಂದ ರೋಹಿಣಿ ಮಳೆಯ ತನಕ ಕೆಲಸ ನಿಲ್ಲುತ್ತಿರಲಿಲ್ಲ, ಅದರ ಹೊತ್ತು ಬದಲಾಗುತ್ತಿತ್ತು. ಎತ್ತಿಗೂ ಆ ಬಿಡುವು ಇತ್ತು. ಮಧ್ಯಾಹ್ನ ಎತ್ತು ಹೂಡಿದವನಿಗೆ ಊರೇ ಛೀಮಾರಿ ಹಾಕುತ್ತಿತ್ತು.

ಕಾಯಕದ ಹೆಸರು ಹೇಳಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ನೆನಪಿರುವುದಿಲ್ಲ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ಆಸೆ ಯಾಕೆ, ಮರಳಿ ಸುರಿದು ಬಾ ಎಂದು ಗದರಿದ ಶರಣೆ ಆಕೆ. ಕಾಯಕಕ್ಕೆ ಒಂದು ಮಿತಿ ಇದೆ ಎಂದು ಹನ್ನೆರಡನೇ ಶತಮಾನದಲ್ಲಿ ಅಕ್ಕಿ ಆಯುವ ಹೆಂಗಸಿಗೆ ತಿಳಿದಿತ್ತು. ಇನ್ನು ನಮ್ಮ ಪಕ್ಕದ ಶಿಶುನಾಳದ ಶರೀಫರು ಶಾಲಾ ಮಾಸ್ತರಿಕೆಯನ್ನೇ ಬಿಟ್ಟು ನಡೆದವರು. ಇಂದಿನ ಭಾಷಣಕಾರರ ಕೈಗೆ ಸಿಕ್ಕಿದ್ದರೆ ಅವರನ್ನು ‘ಹುರುಪಿಲ್ಲದ ನೌಕರ’ರ ಪಟ್ಟಿಗೆ ಸೇರಿಸುತ್ತಿದ್ದರು.

ಮಾಡಬೇಕಾದ್ದು ದೊಡ್ಡದೇನಲ್ಲ. ಪಕ್ಕದ ಕೇರಳದಲ್ಲಿ ಬಿಸಿಲಲ್ಲಿ ದುಡಿಯುವವರಿಗೆ ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರ ತನಕ ಬಿಡುವು ಕೊಡಲೇಬೇಕೆಂದು ಕಾರ್ಮಿಕ ಇಲಾಖೆ ಆದೇಶ ಹೊರಡಿಸುತ್ತದೆ. ಕತಾರ್ 2021ರಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ನಡುವೆ ಬಯಲಿನ ದುಡಿಮೆಯನ್ನೇ ನಿಷೇಧಿಸಿತು. ನಮ್ಮದೇ 1948ರ ಕಾರ್ಖಾನೆ ಕಾಯ್ದೆ, 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಿಗೆಯಲ್ಲಿ ತಂಪು ನೀರು ಕೊಡಬೇಕೆಂದು ಬರೆದಿಟ್ಟಿತ್ತು. ಹಾವೇರಿ ಜಿಲ್ಲೆಗೂ ಬೆಳಗಿನ ಪಾಳಿ ಬರಲಿ, ಕಚೇರಿಗೆ ಮೊದಲು ಬಯಲಿನ ಕೆಲಸಕ್ಕೆ ಬರಲಿ. ಕೂಲಿ ಕಡಿಯದೆ ಮಧ್ಯಾಹ್ನದ ಬಿಡುವು ಕೊಡಲಿ. ಕೆಲಸ ಮುಗಿದ ಮೇಲೆ ಫೋಟೊಕ್ಕಾಗಿ ಯಾರನ್ನೂ ಬಿಸಿಲಲ್ಲಿ ನಿಲ್ಲಿಸದಿರಲಿ. ಮೇಲ್ ಕಳಿಸುವ ಕಂಪನಿಗಳು ಏಳು ಸೂತ್ರದ ಬದಲು ಮೂರು ತಾಸು ಕೊಡಲಿ.

ಅವತ್ತು ಸಂಜೆ ಅಳಿಯ ಆ ಮೇಲ್‌ಗೆ ಉತ್ತರ ಬರೆದ. ಬೆಳಿಗ್ಗೆ 6ಕ್ಕೇ ಕೆಲಸ ಶುರು ಮಾಡುತ್ತೇನೆ, ಮಧ್ಯಾಹ್ನ 12ರಿಂದ 3ರ ನಡುವೆ ಮೀಟಿಂಗ್ ಇಡಬೇಡಿ ಎಂದು ಎರಡೇ ಸಾಲು. ನನಗೆ ಓದಿ ಹೇಳಿದ. ಚಲೋ ಆಗೈತಿ, ಕಳಿಸು ಅಂದೆ. ‘ಅಪ್ರೈಸಲ್ ಮುಗೀಲಿ ತಡೀರಿ ಮಾವಾ’ ಎಂದು ಲ್ಯಾಪ್‌ಟಾಪ್ ಮುಚ್ಚಿದ. ಆ ಎರಡು ಸಾಲು ಇನ್ನೂ ಅಲ್ಲೇ ಇವೆ.