ಕಸವನ್ನು ಮರಳು ನುಂಗದು, ಒಂಟೆ ನುಂಗುತ್ತದೆ



ಮರುಭೂಮಿಯ ಚಾರಣದಲ್ಲಿ ಕಸ ಹೆಕ್ಕುವುದು ಬರೀ ಫೋಟೊ ಹುಚ್ಚು, ಹೇಗಿದ್ದರೂ ಮರಳು ಎಲ್ಲವನ್ನೂ ಮುಚ್ಚಿಬಿಡುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಬರೆದಿದ್ದಾರೆ. ದುಬೈನಲ್ಲಿದ್ದು, ಚಳಿಗಾಲದಲ್ಲಿ ಅಲ್ ಕುದ್ರಾ ಸುತ್ತಿನ ದಿಬ್ಬಗಳಲ್ಲಿ ನಡೆಯುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಫೋಟೊ ತೆಗೆಸಿಕೊಂಡರೂ ಚೀಲವೊಂದು ಅಲ್ಲಿಂದ ಹೊರಬಿತ್ತಲ್ಲ, ಅಷ್ಟು ಸಾಕು.

ಮರಳು ಮುಚ್ಚುವುದು ನಿಜ. ಗಾಳಿಯ ದಿಕ್ಕು ಬದಲಾದೊಡನೆ ಅದೇ ಮರಳು ಸರಿದು ಹಳೆಯ ಕಸವೆಲ್ಲ ಮೇಲೆ ಬರುತ್ತದೆ. ಹಾರಿದ ಚೀಲಗಳು ಘಾಫ್ ಮರದ ಮುಳ್ಳಿಗೆ ಸಿಕ್ಕಿಕೊಳ್ಳುತ್ತವೆ. ಯುಎಇಯ ರಾಷ್ಟ್ರೀಯ ಮರವಾದ ಈ ಘಾಫ್ ನಾವು ದಸರೆಯಲ್ಲಿ ಪೂಜಿಸುವ ಬನ್ನಿಯೇ. ಅದರ ಸೊಪ್ಪಿಗೆ ಕತ್ತು ಚಾಚುವ ಒಂಟೆ ಚೀಲವನ್ನೂ ಎಳೆದು ನುಂಗುತ್ತದೆ. ಆ ಪ್ಲಾಸ್ಟಿಕ್ ಕರಗುವುದಿಲ್ಲ. ಹೊಟ್ಟೆಯಲ್ಲೇ ಸುತ್ತಿಕೊಂಡು ಗಟ್ಟಿ ಉಂಡೆಯಾಗುತ್ತದೆ. ಹೊಟ್ಟೆ ತುಂಬಿದಂತೆನಿಸಿ ಒಂಟೆ ಮೇವು ಬಿಡುತ್ತದೆ, ಸೊರಗಿ ಸಾಯುತ್ತದೆ. ದುಬೈನ ಕೇಂದ್ರೀಯ ಪಶುವೈದ್ಯ ಸಂಶೋಧನಾ ಪ್ರಯೋಗಾಲಯದ ಉಲ್ರಿಚ್ ವೆರ್ನರಿ ಮತ್ತು ಸಂಗಡಿಗರು 2008ರಿಂದ ಪರೀಕ್ಷಿಸಿದ ಸುಮಾರು 30,000 ಸತ್ತ ಒಂಟೆಗಳಲ್ಲಿ 300ರ ಹೊಟ್ಟೆಯಲ್ಲಿ ಇಂಥ ಉಂಡೆಗಳಿದ್ದವು. ಒಂದರ ತೂಕ 64 ಕಿಲೊ!

ದುಬೈ 2024ರಲ್ಲಿ ಏಕಬಳಕೆಯ ಚೀಲಗಳನ್ನು ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಈಗಾಗಲೇ ಮರಳು ಸೇರಿದ್ದನ್ನು ಯಾವ ಕಾನೂನೂ ಹೆಕ್ಕಿ ತರಲಾರದು. ಜೀಪಿನಲ್ಲಿ ದಿಬ್ಬ ಹತ್ತಿಳಿಯುವವರಿಗೆ ಅದು ಕಾಣುವುದೂ ಇಲ್ಲ, ಕಾಣುವುದು ನಡೆಯುವವರಿಗೆ. ಆದ್ದರಿಂದಲೇ ಈ ಕೆಲಸ ಚಾರಣಿಗರದು ಎನ್ನುತ್ತೇನೆ.

ಇನ್ನೊಂದು ಮಾತು. ವನಭೋಜನವಾದ ಮೇಲೆ ಬಿರಿಯಾನಿಯ ಫಾಯಿಲ್ ತಟ್ಟೆ, ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ, ಮೂಳೆ, ಇದ್ದಿಲಿನ ಖಾಲಿ ಚೀಲ ಎಲ್ಲವನ್ನೂ ಕಟ್ಟಿ ಮರದ ಬುಡದಲ್ಲಿಟ್ಟು ಬರುವವರು ಬಹಳ. ಮುನಿಸಿಪಾಲಿಟಿಯವರು ಒಯ್ಯುತ್ತಾರೆಂಬ ನಂಬಿಕೆ ಅವರದು. ರಾತ್ರಿ ನರಿ ಬಂದು ಗಂಟು ಹರಿಯುತ್ತದೆ, ಬೆಳಗಾದರೆ ಮರದ ಸುತ್ತ ಎಲ್ಲವೂ ಚೆಲ್ಲಾಪಿಲ್ಲಿ. ಅನ್ನ, ಉಪ್ಪು ಅಂಟಿದ ಹಾಳೆಯನ್ನಂತೂ ಒಂಟೆ ಬಿಡುವುದೇ ಇಲ್ಲ.

ಗಲ್ಫಿನ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ: ಈ ಚಳಿಗಾಲದ ವನಭೋಜನಕ್ಕೆ ಹೊರಡುವಾಗ ಕಾರಿಗೊಂದು ಗೋಣಿಚೀಲ ಇಟ್ಟುಕೊಳ್ಳಿ. ನಿಮ್ಮದನ್ನಷ್ಟೇ ಅಲ್ಲ, ಮೊದಲು ಬಂದವರು ಬಿಟ್ಟದ್ದನ್ನೂ ತುಂಬಿ ತಂದು ಊರಿನ ತೊಟ್ಟಿಗೆ ಹಾಕಿ. ಡಾಂಬರು ರಸ್ತೆ ಮುಗಿಯುವಲ್ಲಿ ಮುಚ್ಚಳವಿರುವ ದೊಡ್ಡ ತೊಟ್ಟಿ ಇಡಿಸುವಂತೆ ಮುನಿಸಿಪಾಲಿಟಿಗೂ ಬರೆಯಿರಿ.

– ಓದುಗ, ದುಬೈ