ನಿಮ್ಮ ಮನಿದೇವ್ರು ಯಾವ್ದು?

ಹೋದ ತಿಂಗಳು ಊರಿಗೆ ಹೋಗಿದ್ದೆ. ಮೋರಟಗಿಯಿಂದ ಸಿಂದಗಿ ಬಸ್ಸು ಹತ್ತಿದೆ. ಪಕ್ಕದಲ್ಲಿ ಒಬ್ಬ ಹಿರಿಯರು. ನಮ್ಮ ಕಡೆ ಗೊತ್ತಲ್ಲ, ಪಕ್ಕದಲ್ಲಿ ಕೂತ ಮೇಲೆ ಸುಮ್ನೆ ಕೂಡೋ ಪದ್ಧತಿ ಇಲ್ಲ. ಯಾವೂರು, ಯಾರ ಮಗ, ಎಲ್ಲಿ ನೌಕರಿ, ಮಕ್ಕಳೆಷ್ಟು ಎಲ್ಲ ಆಯ್ತು. ಆಮೇಲೆ ಬಂತು ನೋಡಿ ಪ್ರಶ್ನೆ.

"ತಮ್ಮಾ, ನಿಮ್ಮ ಮನಿದೇವ್ರು ಯಾವ್ದಪಾ?"

"ಸವದತ್ತಿ ಯಲ್ಲಮ್ಮರೀ ಕಾಕಾ" ಅಂದ್ಬಿಟ್ಟೆ.

ನಮ್ಮ ಮುತ್ತಜ್ಜನ ಕಾಲಕ್ಕೆ ಅದು ಖರೇನೇ. ಆದ್ರೆ ನಮ್ಮಜ್ಜನ ಕಾಲದಿಂದ ನಾವು ಕ್ರೈಸ್ತರು. ನನ್ನ ಹೆಸರು ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಕಾಕಾ ಖುಷಿಯಾಗಿ ಬುತ್ತಿ ಬಿಚ್ಚಿದ್ರು. ಅರ್ಧ ಜೋಳದ ರೊಟ್ಟಿ, ಶೇಂಗಾ ಹಿಂಡಿ ನನ್ನ ಕೈಗಿಟ್ಟರು. ಆ ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ.

ನಾನೇನು ಪುಕ್ಕಲ ಅಲ್ಲ ಸ್ವಾಮಿ. ಆಫೀಸಲ್ಲಿ ಸುಳ್ಳು ಬಿಲ್ಲಿಗೆ ಸಹಿ ಹಾಕಲ್ಲ ಅಂತ ಸಾಹೇಬರ ಎದುರಿಗೇ ಹೇಳಿದವನು. ಇಲ್ಲಿ ಒಬ್ಬ ಮುದುಕರ ಮುಂದೆ ಸೋತೆ. ಪೇತ್ರನ ಕತೆ ನೆನಪಾಯ್ತು. ಯೇಸುವನ್ನು ಹಿಡಿಯೋಕೆ ಬಂದವರ ಎದುರು ಕತ್ತಿ ಎಳೆದ ಮನುಷ್ಯ, ಅದೇ ರಾತ್ರಿ ಬೆಂಕಿ ಕಾಯಿಸ್ಕೋತಾ ಕೂತಾಗ ಒಬ್ಬ ಕೆಲಸದ ಹುಡುಗಿ ಕೇಳಿದ್ದಕ್ಕೆ "ಅವನ ಗುರುತೇ ನನಗಿಲ್ಲ" ಅಂದ. ದೊಡ್ಡ ಪರೀಕ್ಷೆಗೆ ನಾವು ತಯಾರಾಗಿರ್ತೀವಿ. ಸಣ್ಣ ಪ್ರಶ್ನೆ ಬಂದಾಗಲೇ ಜಾರಿ ಬೀಳೋದು.

ಹೆದರಿಕೆಗೆ ಕಾರಣ ಇಲ್ಲ ಅಂತ ಹೇಳಲ್ಲ. 2008ರ ಸೆಪ್ಟೆಂಬರಲ್ಲಿ ಮಂಗಳೂರಿನ ಕಡೆ ಚರ್ಚುಗಳ ಮೇಲೆ ದಾಳಿ ಆಗಿದ್ದು ಮರೆತಿಲ್ಲ. 2022ರಲ್ಲಿ ಮತಾಂತರದ ಕಾಯ್ದೆ ಬಂತು. ಕ್ರೈಸ್ತ ಅಂದ ತಕ್ಷಣ "ಎಷ್ಟು ರೊಕ್ಕ ಕೊಟ್ರು?" ಅಂತ ನಗಾಡೋರೂ ಇದಾರೆ. ಆದ್ರೆ ಆ ಕಾಕಾ ಏನು ಮಾಡಿದ್ರು? ರೊಟ್ಟಿ ಕೊಟ್ರು ಅಷ್ಟೇ. ಅವರನ್ನ ಕಲ್ಲು ಹೊಡೆಯೋರ ಸಾಲಲ್ಲಿ ನಿಲ್ಲಿಸಿದ್ದು ನಾನು. ನನ್ನ ಸುಳ್ಳಲ್ಲಿ ಅವರಿಗೂ ಒಂದು ಅವಮಾನ ಇತ್ತು. ಅದೇ ಈಗ ಹೆಚ್ಚು ಚುಚ್ಚೋದು.

ಇಂಥ ಹೊತ್ತಲ್ಲಿ ನನಗೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು ನೆನಪಾಗ್ತಾರೆ. 1881ರಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ವಚನಗಳನ್ನ ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು. ನಾವೆಲ್ಲ ಬಾಯಿಪಾಠ ಹೇಳೋ ಸರ್ವಜ್ಞ ಪುಸ್ತಕವಾಗಿ ಉಳಿಯೋಕೆ ಈ ಪಾದ್ರಿ ಪಟ್ಟ ಪಾಡು ಎಷ್ಟು ಜನಕ್ಕೆ ಗೊತ್ತು? ಬಸವಣ್ಣನವರ ಅನುಭವ ಮಂಟಪದ ಬಗ್ಗೆಯೂ ಆಳವಾಗಿ ಅಧ್ಯಯನ ಮಾಡಿದ್ರು. 1949ರಲ್ಲಿ ನಮ್ಮ ಪಕ್ಕದ ಕಲಬುರಗಿಯಲ್ಲೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ್ರು. ತಾನು ಕ್ರೈಸ್ತ ಅನ್ನೋದನ್ನ ಅವರು ಮುಚ್ಚಿಡಲಿಲ್ಲ, ಶರಣರ ಮೇಲಿನ ಪ್ರೀತಿಯನ್ನೂ ಮುಚ್ಚಿಡಲಿಲ್ಲ. ಹೆಸರು ಚನ್ನಪ್ಪ ಅಂತಲೇ ಉಳೀತು.

ಧೈರ್ಯ ಅಂದ್ರೆ ನನ್ನ ಲೆಕ್ಕದಲ್ಲಿ ಇದು. ಬಸ್ಸಲ್ಲಿ ಎದ್ದು ನಿಂತು ಪ್ರವಚನ ಮಾಡೋದಲ್ಲ. ಆ ಕಾಕಾನ ದೇವರನ್ನ ಹಳಿಯೋದಂತೂ ಅಲ್ವೇ ಅಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳಬೇಕು, ಹೇಳಿದ ಮೇಲೆ ಅದಕ್ಕೆ ತಕ್ಕಂಗೆ ಬಾಳಬೇಕು. "ನಾವು ಯೇಸುಸ್ವಾಮಿ ನಂಬಿದವರ್ರೀ ಕಾಕಾ" ಅಂತ ಅಂದಿದ್ರೆ ಸಾಕಿತ್ತು. ಆಮೇಲೂ ಆ ರೊಟ್ಟಿ ಕೊಡ್ತಿದ್ರೋ ಇಲ್ವೋ ಅನ್ನೋದು ಅವರಿಗೆ ಬಿಟ್ಟದ್ದು. ಕೊಡ್ತಿದ್ರು ಅಂತಲೇ ನನಗನ್ಸುತ್ತೆ. ಅದನ್ನ ತೋರಿಸೋ ಅವಕಾಶವನ್ನೇ ಅವರಿಗೆ ನಾನು ಕೊಡಲಿಲ್ಲ.

ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ ಅಂತ ಗಾದೆ ಇದೆ. ಇರಲಿ, ಒದೆ ಬಿದ್ರೆ ಆವಾಗ ನೋಡ್ಕೊಳ್ಳೋಣ. ಬೀಳೋಕೆ ಮುಂಚೆಯೇ ಎದೆ ಹಿಡ್ಕೊಂಡು ಕೂರೋದು ಬೇಡ.

ಇಷ್ಟು ವರ್ಷ ಈ ಬ್ಲಾಗಲ್ಲಿ ಮಳೆ, ಜೋಳ, ಜಾತ್ರೆ ಅಂತ ಏನೇನೋ ಬರೆದೆ. ಈ ಮಾತನ್ನ ನಿಮಗೂ ಹೇಳಿರಲಿಲ್ಲ. ಕಾಕಾ ಮತ್ತೆ ಸಿಗ್ತಾರೋ ಇಲ್ವೋ... ಅದಕ್ಕೇ ನಿಮ್ಮಿಂದಲೇ ಶುರು ಮಾಡ್ದೆ.

ನೀವೂ ಯಾವತ್ತಾದ್ರೂ ಹಿಂಗೆ ಜಾರಿದ್ರೆ ಬರೀರಿ, ಓದೋಣ.